ಅಂತರಪಟದ ಪಕ್ಕದ ಕಂಬ

ಮದುವೆ ಮನೆಯಲ್ಲಿ ನಾನು ಜೋಡಿ ಲೆನ್ಸಿನ ಕ್ಯಾಮೆರಾ ಹೊರತೆಗೆದ ಕೂಡಲೇ ಯಾರಾದರೊಬ್ಬರು ಕೇಳುವುದುಂಟು: ‘ಫೋಟೋಗ್ರಾಫರಿಗೆ ಅಷ್ಟು ದುಡ್ಡು ಸುರಿದಿದ್ದೇವಲ್ಲ, ನಿಮಗ್ಯಾಕೆ ಈ ಉಸಾಬರಿ? ಬನ್ನಿ, ಊಟಕ್ಕೆ ಕೂರಿ.’ ಅತಿಥಿಗಳು ಕಣ್ಣಾರೆ ಮದುವೆ ನೋಡಲಿ, ಚಿತ್ರದ ಕೆಲಸವನ್ನು ಕಸುಬಿನವರಿಗೆ ಬಿಡಲಿ ಎಂಬ ಮಾತು ಈಗ ನೀತಿಯೇ ಆಗಿಬಿಟ್ಟಿದೆ. ಮಾಂಗಲ್ಯಧಾರಣೆಯ ಹೊತ್ತಿಗೆ ಮಂಟಪದ ಮುಂದೆ ಏಳುವ ಮೊಬೈಲುಗಳ ಗೋಡೆಯನ್ನು ಕಂಡವರಾರೂ ಇದನ್ನು ತಳ್ಳಿಹಾಕಲಾರರು. ಆದರೆ ಸ್ಟೀರಿಯೋ ಚಿತ್ರ, ಅಂದರೆ ಕಣ್ಣಿಗೊಂದರಂತೆ ಹಿಡಿದು ಆಳ ತೋರಿಸುವ ಜೋಡಿ ಚಿತ್ರ, ತೆಗೆಯುವವನನ್ನೂ ಆ ಗೋಡೆಗೆ ಸೇರಿಸುವುದು ತಪ್ಪು ಲೆಕ್ಕ.

ಲೆಕ್ಕವೆಂದರೆ ನಿಜವಾದ ಲೆಕ್ಕವೇ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 65 ಮಿಲಿಮೀಟರ್ ಅಂತರ. ಎಡಗಣ್ಣಿನ ನೋಟಕ್ಕೂ ಬಲಗಣ್ಣಿನ ನೋಟಕ್ಕೂ ಇರುವ ಸಣ್ಣ ವ್ಯತ್ಯಾಸವೇ ನಮಗೆ ಆಳವಾಗಿ ಕಾಣುತ್ತದೆಂದು ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲಿ ತೋರಿಸಿಕೊಟ್ಟ. ಲೆನ್ಸುಗಳ ನಡುವಿನ ಅಂತರದ 30 ಪಟ್ಟಿಗಿಂತ ಹತ್ತಿರ ಏನೂ ಇರಬಾರದೆಂಬುದು ಸ್ಟೀರಿಯೋ ಹವ್ಯಾಸಿಗಳ ರೂಢಿ. 2010ರಲ್ಲಿ ಬಂದ ನನ್ನ ಫ್ಯೂಜಿ ಡಬ್ಲ್ಯು3ರಲ್ಲಿ ಆ ಅಂತರ 75 ಮಿಲಿಮೀಟರ್. ಅಂದಮೇಲೆ ಎರಡೂಕಾಲು ಮೀಟರ್ ಹಿಂದೆ ಸರಿಯಲೇಬೇಕು. ಮೂಗು ತೂರಿಸಿದರೆ ಮುಂದೆ ಚಿತ್ರ ನೋಡುವವರ ಕಣ್ಣು ನೋಯುತ್ತದೆ. ಅಡ್ಡ ನಿಲ್ಲುವ ಅವಕಾಶವನ್ನು ಈ ಕ್ಯಾಮೆರಾ ನನಗೆ ಕೊಟ್ಟೇ ಇಲ್ಲ.

‘ಅದೇ ಗಳಿಗೆ, ಅದೇ ಜೋಡಿ, ಎರಡೆರಡು ಸಲ ಯಾಕೆ?’ ಎಂಬುದು ಇನ್ನೊಂದು ಆಕ್ಷೇಪ. ಅಂತರಪಟ ಹಿಡಿದ ಹೊತ್ತನ್ನೇ ನೋಡಿ. ಫೋಟೋಗ್ರಾಫರ್ ಎದುರಿಗೆ ನಿಂತು ವಧುವಿನ ಮುಖವನ್ನಷ್ಟೇ ನಿಚ್ಚಳವಾಗಿ ಹಿಡಿದು, ಹಿಂದಿನದನ್ನೆಲ್ಲ ಮಂಜು ಮಾಡುತ್ತಾನೆ. ಅದು ಅವನ ಜಾಣ್ಮೆ. ನನಗೆ ಆ ಮಂಜು ಒಗ್ಗದು. ನೋಡುವ ಕಣ್ಣು ಚಿತ್ರದೊಳಗೆ ಅಡ್ಡಾಡಬೇಕಾದರೆ ಮುಂದಿನ ಕಳಶದಿಂದ ಹಿಂದಿನ ಓಲಗದವರ ತನಕ ಎಲ್ಲವೂ ಸ್ಪಷ್ಟವಿರಬೇಕು. ಹಾಗಾಗಿ ನನ್ನ ಜಾಗ ಪಕ್ಕದ ಕಂಬದ ಬಳಿ. ಅಲ್ಲಿಂದ ಬಟ್ಟೆಯ ಆಚೆ ಅವನು, ಈಚೆ ಅವಳು, ನಡುವೆ ಒಂದು ಮೊಳ ಜಾಗ. ಹೆಸರಲ್ಲೇ ಅಂತರವಿರುವ ಆ ಪಟ ಚಪ್ಪಟೆ ಚಿತ್ರದಲ್ಲಿ ಬರೀ ಬಟ್ಟೆಯ ತುಂಡು. ಪಟ ಸರಿದು ಅಕ್ಷತೆ ಬಿದ್ದಾಗಲೂ ಅಷ್ಟೇ: ಆಲ್ಬಮ್ಮಿನಲ್ಲಿ ಕಾಳುಗಳು ಮುಖದ ಮೇಲಿನ ಚುಕ್ಕೆಗಳು, ಜೋಡಿ ಚಿತ್ರದಲ್ಲಿ ಒಂದೊಂದು ಕಾಳೂ ತನ್ನ ತನ್ನ ಎತ್ತರದಲ್ಲಿ ಗಾಳಿಯಲ್ಲಿ ನಿಂತಿರುತ್ತದೆ.

ಕಸುಬಿನವರ ಋಣ ನನ್ನ ಮೇಲಿದೆ. ನನ್ನ ಪುಟ್ಟ ಕ್ಯಾಮೆರಾಕ್ಕೆ ಛತ್ರದ ಮಂದ ಬೆಳಕು ಸಾಲದು. ವಿಡಿಯೋದವರ ದೀಪವೇ ಗತಿ. ಒಮ್ಮೆ ಎರಡು ಬೇರೆ ಕ್ಯಾಮೆರಾಗಳನ್ನು ಒಂದೇ ಪಟ್ಟಿಗೆ ಬಿಗಿದು ಒಯ್ದಿದ್ದೆ. ಎರಡೂ ಒಂದೇ ಕ್ಷಣಕ್ಕೆ ತೆರೆಯದೆ, ಫೋಟೋಗ್ರಾಫರನ ಫ್ಲಾಶ್ ಒಂದು ಕಣ್ಣಿನ ಚಿತ್ರಕ್ಕೆ ಮಾತ್ರ ಬಿದ್ದು ಜೋಡಿಯೇ ಮುರಿಯಿತು. ಅಂದಿನಿಂದ ಅವನ ಫ್ಲಾಶಿನ ಲಯ ಕಲಿತು, ಎರಡು ಮಿಂಚುಗಳ ನಡುವೆ ಒತ್ತುವುದು ಅಭ್ಯಾಸವಾಗಿದೆ. ನಮ್ಮದು ಪೈಪೋಟಿಯಾಗಿದ್ದರೆ ಇದು ನಡೆಯುತ್ತಿತ್ತೇ?

‘ಎರಡೂ ಕಣ್ಣಿಟ್ಟು ಪೆಟ್ಟಿಗೆಯೊಳಗೆ ಇಣುಕಿ ನೋಡುವ ಈ ಜೋಡಿ ಚಿತ್ರ ಯಾರಿಗೆ ಬೇಕು?’ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಎರಡೂ ಕಣ್ಣು ಒಟ್ಟಾಗಿ ಕೆಲಸ ಮಾಡದವರಿಗೆ ಈ ಆಳ ಕಾಣುವುದೂ ಇಲ್ಲ. ಉಳಿದವರಿಗೆ ಒಂದು ಸಲಕ್ಕೆ ಒಬ್ಬರೇ ನೋಡಬೇಕೆಂಬುದೇ ಲಾಭ: ಪುಟ ತಿರುವುವ ಅವಸರವಿಲ್ಲ, ಪಕ್ಕದವರ ವಿವರಣೆಯಿಲ್ಲ.

ಒಂದು ಮದುವೆಯಲ್ಲಿ ಊಟದ ಹೊತ್ತಿಗೆ ಫೋಟೋಗ್ರಾಫರನೇ ಹತ್ತಿರ ಬಂದ. ಡಬ್ಲ್ಯು3ರ ಬೆನ್ನಿನ ಪರದೆಯಲ್ಲಿ ಕನ್ನಡಕವಿಲ್ಲದೆಯೇ ಆಳ ಕಾಣುತ್ತದೆ, ತೋರಿಸಿದೆ. ಧಾರೆಯ ಚಿತ್ರದಲ್ಲಿ ಎಲ್ಲಕ್ಕಿಂತ ಮುಂದೆ, ಕೈಗೆ ಸಿಗುವಷ್ಟು ಹತ್ತಿರ, ಅವನದೇ ಬಗ್ಗಿದ ಬೆನ್ನು. ಅದರಾಚೆ ಹೋಮದ ಹೊಗೆ, ಹೊಗೆಯಾಚೆ ಮದುಮಕ್ಕಳು. ಅಷ್ಟು ಮದುವೆ ತೆಗೆದವನು ತಾನಿದ್ದ ಮದುವೆಯ ಚಿತ್ರವನ್ನು ಕಂಡಿರಲಿಲ್ಲ. ಒಂದು ಪ್ರತಿ ಬೇಕೆಂದ.