ಹಣ್ಣಾಯುವವನೂ ಹುಡುಕುವ ಯಂತ್ರವೂ : ಒಂದು ವಿಮರ್ಶೆ

ಓದುಗನು ತನಗೆ ಬೇಕಾದುದನ್ನು ಹೇಗೆ ಅರಸುತ್ತಾನೆಂಬುದನ್ನು ಮೊದಲು ತಿಳಿದು, ಅನಂತರವೇ ಹುಡುಕುವ ಯಂತ್ರವನ್ನು ರಚಿಸಬೇಕೆಂಬ ವಾದವನ್ನು ಸ್ಪಷ್ಟವಾಗಿ ಮಂಡಿಸಿದ ಬರೆಹಗಳಲ್ಲಿ, ಅಮೆರಿಕೆಯ ಮಾರ್ಸಿಯಾ ಬೇಟ್ಸ್ ಅವರು 1989ರಲ್ಲಿ ಪ್ರಕಟಿಸಿದ ಪ್ರಬಂಧವು ಮುಖ್ಯವಾದುದು. ಇತಿಹಾಸದ ಅಭ್ಯಾಸಿಗಳಾದ ನಾವು ಅದನ್ನು ನಮ್ಮ ಕೆಲಸದ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತವಾಗಿದೆ.

ಒಂದು ಪ್ರಶ್ನೆಗೆ ಒಂದೇ ಸಲ ಪೂರ್ಣವಾದ ಉತ್ತರ ದೊರೆಯುವುದೆಂಬ ಕಲ್ಪನೆಯನ್ನು ಬೇಟ್ಸ್ ಅವರು ಅಲ್ಲಗಳೆದರು. ಓದುಗನು ಪೊದೆಯಿಂದ ಪೊದೆಗೆ ನಡೆದು ಹಣ್ಣಾಯುವವನಂತೆ. ದೊರೆತ ಒಂದೊಂದು ಬರೆಹವೂ ಅವನ ಪ್ರಶ್ನೆಯನ್ನೇ ಬದಲಿಸಬಲ್ಲುದು. ಅಡಿಟಿಪ್ಪಣಿಯ ಬೆನ್ನುಹತ್ತುವುದು, ಒಂದು ಕೃತಿಯನ್ನು ಮುಂದೆ ಯಾರು ಉಲ್ಲೇಖಿಸಿದರೆಂದು ನೋಡುವುದು, ಪತ್ರಿಕೆಯ ಹಳೆಯ ಸಂಪುಟಗಳನ್ನು ತಿರುವುವುದು, ಕಪಾಟಿನಲ್ಲಿ ನೆರೆಯ ಪುಸ್ತಕಗಳ ಮೇಲೆ ಕಣ್ಣಾಡಿಸುವುದು, ಗ್ರಂಥಸೂಚಿಗಳಲ್ಲಿ ವಿಷಯವನ್ನು ಅರಸುವುದು, ಲೇಖಕನ ಹೆಸರಿನಿಂದ ಹುಡುಕುವುದು — ಈ ಆರು ಮಾರ್ಗಗಳಿಗೂ ಯಂತ್ರವು ಎಡೆಗೊಡಬೇಕೆಂಬುದು ಅವರ ಸಿದ್ಧಾಂತ.

ಇದಕ್ಕೆ ನಮ್ಮಲ್ಲಿ ಸಾಕ್ಷಿ ಬೇಕಾದರೆ 'ಎಪಿಗ್ರಾಫಿಯಾ ಕರ್ನಾಟಿಕಾ'ವನ್ನು ನೋಡಬಹುದು. 1886ರಿಂದ ಬಿ. ಎಲ್. ರೈಸ್ ಅವರು ಹೊರತಂದ ಸಂಪುಟಗಳಲ್ಲಿ ಬಹುಪಾಲು ಶಾಸನಗಳು ತಾಲ್ಲೂಕುವಾರು ಕ್ರಮದಲ್ಲಿವೆ. ಕೆರೆಯ ದತ್ತಿಯೊಂದನ್ನು ಅರಸಿ ಹೋದವನ ಕಣ್ಣಿಗೆ ಪಕ್ಕದ ಊರಿನ ವೀರಗಲ್ಲೂ ಬೀಳುತ್ತದೆ. ಎರಡರಲ್ಲಿಯೂ ಒಬ್ಬನೇ ಗಾವುಂಡನ ಹೆಸರಿದ್ದರೆ ಅವನ ಪ್ರಶ್ನೆಯೇ ಬೇರೆಯಾಗುತ್ತದೆ. ಕೇಳಿದ ಪದವಿರುವ ಸಾಲನ್ನು ಮಾತ್ರ ಕಿತ್ತುಕೊಡುವ ಗಣಕಯಂತ್ರವು ಈ ನೆರೆಹೊರೆಯನ್ನು ಮರೆಮಾಡಿಬಿಡುತ್ತದೆ.

ಆದರೆ ಈ ಸಿದ್ಧಾಂತವನ್ನು ಹಾಗೆಯೇ ಸ್ವೀಕರಿಸಲು ನಮಗೆ ಒಂದು ಅಡ್ಡಿಯಿದೆ. ಆ ಆರು ಮಾರ್ಗಗಳೂ ಟಿಪ್ಪಣಿ, ಸೂಚಿ, ವರ್ಗೀಕರಣಗಳು ಸಿದ್ಧವಾಗಿರುವ ಗ್ರಂಥಲೋಕವನ್ನು ನಂಬಿವೆ. ಕಲ್ಲಿನ ಬರೆಹಕ್ಕೆ ಅಡಿಟಿಪ್ಪಣಿಯಿಲ್ಲ. ಅದರ ಕಾಗುಣಿತವೂ ಒಂದೇ ತೆರನಾದುದಲ್ಲ. ಶಾಸನಗಳಲ್ಲಿ 'ಪೊಯ್ಸಳ' ಎಂದೂ ಉಂಟು, 'ಹೊಯ್ಸಳ' ಎಂದೂ ಉಂಟು. ಹಳಗನ್ನಡದ ಱಕಾರ ೞಕಾರಗಳು ಕಾಲಕ್ರಮದಲ್ಲಿ ಮರೆಯಾದುವು. ಒಂದು ರೂಪವನ್ನು ಕೇಳಿದವನಿಗೆ ಇನ್ನೊಂದನ್ನು ತೋರಿಸದ ಯಂತ್ರದಲ್ಲಿ ಶಾಸನವು ಇದ್ದೂ ಇಲ್ಲದಂತೆ. ತೊಡಕು ಅಷ್ಟಕ್ಕೇ ನಿಲ್ಲುವುದಿಲ್ಲ. 'ದೊರೆಯಲಿಲ್ಲ' ಎಂಬ ಯಂತ್ರದ ಮಾತನ್ನು ಅಭ್ಯಾಸಿಯು 'ಇರಲಿಲ್ಲ' ಎಂದು ಬರೆದುಬಿಟ್ಟರೆ, ಯಂತ್ರದ ದೋಷವೇ ಇತಿಹಾಸವಾಗುತ್ತದೆ.

ಹೀಗೆಂದ ಮಾತ್ರಕ್ಕೆ ಬೇಟ್ಸ್ ಅವರ ಶ್ರಮವನ್ನು ನಾವು ಕಡೆಗಣಿಸತಕ್ಕದ್ದಲ್ಲ. ಅವರು ಕೊಟ್ಟ ಪಟ್ಟಿಗಿಂತ ಅವರು ಹಿಡಿದ ದಾರಿ ದೊಡ್ಡದು. ಆ ದಾರಿಗೆ ನಾವು ನಿಷ್ಠರಾಗಬೇಕಾದರೆ, ಶಾಸನಗಳನ್ನು ಯಂತ್ರಕ್ಕೆ ಒಪ್ಪಿಸುವ ಮುನ್ನ, ಅವುಗಳನ್ನು ಓದುವವರ ಬಳಿ ಕುಳಿತು, ಅವರ ಬೆರಳು ಯಾವ ಪುಟದಿಂದ ಯಾವ ಪುಟಕ್ಕೆ ಹೋಗುವುದೆಂಬುದನ್ನು ತಾಳ್ಮೆಯಿಂದ ಗಮನಿಸಬೇಕು.