ಕಾಳಿಂಗರಾಯರ ಕಂಠದಲ್ಲಿ ರತ್ನನ ಮಾತು

ಕವಿತೆಯನ್ನು ಹಾಡಬೇಕೆ, ಓದಬೇಕೆ ಎಂಬುದು ನಮ್ಮಲ್ಲಿ ಹಳೆಯ ಜಗಳ. ಪಂಡಿತರು ಕವಿತೆಯನ್ನು ಪುಸ್ತಕದಲ್ಲೇ ಇಡಿ ಎನ್ನುತ್ತಾರೆ. ರಸಿಕರು ತಂಬೂರಿ ತನ್ನಿ ಎನ್ನುತ್ತಾರೆ. ಫ್ರಾನ್ಸ್ ದೇಶದಲ್ಲಿ ಷಾನ್ಸೋ ಎಂಬ ಗಾಯನ ಪದ್ಧತಿಯುಂಟು. ಅಲ್ಲಿ ರಾಗಕ್ಕಿಂತ ಮಾತಿಗೆ ಮರ್ಯಾದೆ ಹೆಚ್ಚು. 1921ರಲ್ಲಿ ಹುಟ್ಟಿದ ಜಾರ್ಜ್ ಬ್ರಾಸೆನ್ಸ್ ಗಿಟಾರು ಹಿಡಿದು ಹದಿನೈದನೆಯ ಶತಮಾನದ ವಿಲ್ಲೋನನ ಪದ್ಯವನ್ನೂ ವಿಕ್ಟರ್ ಹ್ಯೂಗೋನ ಪದ್ಯವನ್ನೂ ಬೀದಿಯ ಜನರ ಬಾಯಿಗೆ ಹಾಕಿದ. ಆತ ತೀರಿಕೊಂಡದ್ದು 1981ರಲ್ಲಿ. ಅದೇ ಕೆಲಸವನ್ನು ಕನ್ನಡದಲ್ಲಿ ಅವನಿಗಿಂತ ಮೊದಲೇ ಕೈಗೊಂಡ ಪಿ. ಕಾಳಿಂಗರಾಯರು ಕಣ್ಮರೆಯಾದದ್ದೂ ಅದೇ ವರ್ಷ.

ರಾಯರು ಹುಟ್ಟಿದ್ದು 1914ರಲ್ಲಿ, ಇಂದಿನ ಉಡುಪಿ ಜಿಲ್ಲೆಯ ಆರೂರಿನಲ್ಲಿ, ಯಕ್ಷಗಾನದ ನೆಲ. ಚಿಕ್ಕಂದಿನಲ್ಲೇ ನಾಟಕರಂಗ ಹೊಕ್ಕರು. ಚಿತ್ರಗಳಿಗೆ ಸಂಗೀತ ಕೊಟ್ಟರು. 1959ರ 'ಅಬ್ಬಾ ಆ ಹುಡುಗಿ' ಅವುಗಳಲ್ಲೊಂದು. ಆದರೆ ಜನ ಅವರನ್ನು ನೆನೆಯುವುದು ಮೋಹನಕುಮಾರಿ, ಸೋಹನಕುಮಾರಿಯರೊಡನೆ ಅವರು ಊರೂರು ಸುತ್ತಿ ಹಾಡಿದ ಕವಿತೆಗಳಿಗಾಗಿ.

ನಮ್ಮ ಊರು ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿ. ನಮ್ಮ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ನೆರೆಮನೆಯ ರೇಡಿಯೋದಲ್ಲಿ ಕೇಳಿದ ರಾಜರತ್ನಂ ಅವರ 'ರತ್ನನ ಪದಗಳು' ಅವಳಿಗೆ ಬಾಯಿಪಾಠವಾಗಿತ್ತು. ನಾನು ಕಾಲೇಜಿನಿಂದ ರಜೆಗೆ ಬಂದಾಗ, ಅಕ್ಕಿ ಆರಿಸುತ್ತಿದ್ದ ಅವಳೆದುರು ಪುಸ್ತಕ ಬಿಚ್ಚಿ ಅದೇ ಪದ್ಯವನ್ನು ಠೀವಿಯಿಂದ ಓದಿದೆ. ಕೇಳಿ, ಮೊರ ಕೆಳಗಿಟ್ಟು, "ನೀನು ಓದುದ್ರೆ ಪಾಟ ಆಯ್ತದೆ ಕನಪ್ಪ, ಅವ್ರು ಆಡುದ್ರೆ ಮಾತಾಯ್ತದೆ" ಎಂದಳು. ವಿಮರ್ಶೆಯಲ್ಲಿ ನಾನು ಕಲಿತ ಮೊದಲ ಪಾಠ ಅದು.

ಆಶ್ಚರ್ಯ ಇಲ್ಲಿದೆ. ರತ್ನನ ನುಡಿ ಹಳೆ ಮೈಸೂರಿನ ಹಳ್ಳಿಗರ ನುಡಿ. ಹಾಡಿದವರು ಕಡಲ ತೀರದವರು. ಆದರೂ ಅದು ನಮ್ಮ ಕೇರಿಯ ಮಾತಾಗಿಯೇ ಕೇಳಿಸಿತು. ಕಾರಣ, ರಾಯರು ಸ್ವರಕ್ಕಾಗಿ ಮಾತನ್ನು ಎಳೆದು ಹಿಂಸಿಸುತ್ತಿರಲಿಲ್ಲ. ಕುಡುಕ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೋ ಅಲ್ಲಿ ತಾವೂ ನಿಲ್ಲುತ್ತಿದ್ದರು. ನಾಟಕದ ಅಭ್ಯಾಸ ಸಂಗೀತದ ನೆರವಿಗೆ ಬಂದದ್ದು ಹೀಗೆ.

ಹಾಗೆಂದು ಪಂಡಿತರ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಸಭೆಯಲ್ಲಿ ರತ್ನನ ಪದ ಶುರುವಾದೊಡನೆ ಜನ ನಗುತ್ತಾರೆ. ಹಾಡು ಮುಗಿದರೂ ನಗುತ್ತಲೇ ಇರುತ್ತಾರೆ. ಪುಸ್ತಕ ಹಿಡಿದವನ ನಗು ಅಷ್ಟು ದೂರ ಸಾಗದು. ಹೆಂಡದ ಬುಡ್ಡಿಯ ಹಿಂದೆ ಬಡತನವಿದೆ, ಪುಟ್ನಂಜಿಯ ಮೇಲಿನ ಅಕ್ಕರೆಯಿದೆ, ಕನ್ನಡದ ಮೇಲಿನ ಹಟವಿದೆ. ಒಮ್ಮೆ ಓದಿ ನಿಂತು, ಹಿಂದಿನ ಸಾಲಿಗೆ ಮರಳುವವನಿಗೆ ಅದು ಕಾಣುತ್ತದೆ. ಹಾಡು ಹಿಂದಿರುಗಿ ನೋಡಲು ಬಿಡುವುದಿಲ್ಲ. ಒಂದು ಧಾಟಿ ಕಿವಿಯಲ್ಲಿ ಕೂತ ಮೇಲೆ ಆ ಪದ್ಯವನ್ನು ಬೇರೆ ಲಯದಲ್ಲಿ ಓದುವುದೂ ಕಷ್ಟ. ರಾಯರ ಧಾಟಿ ಇಂದಿಗೂ ನನ್ನ ಓದಿಗೆ ಅಡ್ಡ ಬರುತ್ತದೆಂದು ಒಪ್ಪಿಕೊಳ್ಳುತ್ತೇನೆ.

ಮುಂದೆ ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಬಂದರು. ವಾದ್ಯಮೇಳ ದೊಡ್ಡದಾಯಿತು, ಕ್ಯಾಸೆಟ್ಟು ಮನೆಮನೆ ಸೇರಿತು. ನಮ್ಮ ನೆರೆಯ ಕಿಕ್ಕೇರಿಯಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರ 1942ರ 'ಮೈಸೂರು ಮಲ್ಲಿಗೆ' ಎಂದರೆ ಈಗ ಅನೇಕರಿಗೆ ಹಾಡುಗಳೇ. ಪುಸ್ತಕ ಕಂಡವರು ಕಡಿಮೆ. ಇದು ಗಾಯಕರ ತಪ್ಪಲ್ಲ. ಅವರು ಬಾಗಿಲು ತೆರೆದರು. ಓದಬಲ್ಲ ನಾವು ಹೊಸ್ತಿಲಲ್ಲೇ ಕುಳಿತುಬಿಟ್ಟೆವು.

ನನ್ನ ತಾಯಿ ಒಳಗೆ ಹೋಗುವಂತಿರಲಿಲ್ಲ. ಆ ದಾರಿಯನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಅವಳ ಪಾಲಿನ ಕಾವ್ಯವನ್ನು ಕಾಳಿಂಗರಾಯರು ಹೊರಗೇ ತಂದುಕೊಟ್ಟರು. ಆ ಋಣ ದೊಡ್ಡದು. ನಮಗೆ ಅಂಥ ನೆಪವಿಲ್ಲ.