ಮಕ್ಕಳ ಕೈಗೆ ಯಾವ ಕಥೆ ಕೊಡೋಣ? ನಮ್ಮ ಶಿಫಾರಸು ಪಟ್ಟಿಗಳ ಒಂದು ವಿಮರ್ಶೆ

ಬೇಸಿಗೆ ರಜೆ ಹತ್ತಿರ ಬಂತೆಂದರೆ ಬೇ ಏರಿಯಾದ ಕನ್ನಡ ಮನೆಗಳಲ್ಲಿ ಓದಿನ ಪಟ್ಟಿಗಳು ಓಡಾಡತೊಡಗುತ್ತವೆ. ಶಾಲೆಯಿಂದ ಒಂದು, ಗ್ರಂಥಾಲಯದಿಂದ ಒಂದು, ಕನ್ನಡ ತರಗತಿಯ ಪಾಲಕರಿಂದ ಮತ್ತೊಂದು. ಕ್ಯಾಲಿಫೋರ್ನಿಯಾದ ಶಿಕ್ಷಣ ಇಲಾಖೆಯೂ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳಿಗಾಗಿ ದೊಡ್ಡದೊಂದು ಶಿಫಾರಸು ಪಟ್ಟಿಯನ್ನು ಇಟ್ಟಿದೆ. ನಾನು ಸಾಹಿತ್ಯದ ಪಂಡಿತನಲ್ಲ. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿ, ಈ ದೇಶದಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ರೋಗಿಗಳನ್ನು ನೋಡಿ, ಈಗ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಿವೃತ್ತ ಜೀವನ ನಡೆಸುತ್ತಿರುವವನು. ಮೊಮ್ಮಕ್ಕಳ ಜೊತೆ ಕುಳಿತು ಓದಲು ಸಮಯ ಸಿಕ್ಕಿದ್ದರಿಂದ, ಈ ಪಟ್ಟಿಗಳನ್ನು ಸ್ವಲ್ಪ ಪರೀಕ್ಷಿಸಿ ನೋಡಿದ್ದೇನೆ.

ನಮ್ಮವರು ಸಿದ್ಧಪಡಿಸುವ ಪಟ್ಟಿಗಳಲ್ಲಿ ಪುಸ್ತಕಗಳನ್ನು ಸೋಸುವ ಜರಡಿಗಳು ಎರಡೇ. ಒಂದು ನೀತಿ, ಇನ್ನೊಂದು ಭಾಷೆಯ ಮಟ್ಟ. ಹೀಗೆ ಸೋಸಿದ ಮೇಲೆ ಉಳಿಯುವುದು ಪಂಚತಂತ್ರ, ತೆನಾಲಿ ರಾಮ, ಬೀರಬಲ್ಲ ಮತ್ತು ಮಹಾಪುರುಷರ ಜೀವನಚರಿತ್ರೆ. ಇವು ಒಳ್ಳೆಯವೇ. ಆದರೆ ಏಳು ವರ್ಷದ ಮಗುವಿಗೂ ಹನ್ನೆರಡು ವರ್ಷದ ಹುಡುಗಿಗೂ ಅದೇ ನರಿ, ಅದೇ ದ್ರಾಕ್ಷಿ ಕೊಟ್ಟರೆ ಹೇಗೆ? ಮಿಡ್ಲ್ ಸ್ಕೂಲಿಗೆ ಹೋಗುವ ಹೊತ್ತಿಗೆ ಮಕ್ಕಳು ಸಾವು, ಅಗಲಿಕೆ, ಅನ್ಯಾಯಗಳ ಬಗ್ಗೆ ಯೋಚಿಸಲು ಶುರುಮಾಡಿರುತ್ತಾರೆ. ಆ ಯೋಚನೆಗೆ ಜೊತೆಯಾಗುವ ಪುಸ್ತಕ ಇಂಗ್ಲಿಷಿನಲ್ಲಿ ಮಾತ್ರ ಸಿಕ್ಕರೆ, ಕನ್ನಡವೆಂದರೆ ಚಿಕ್ಕಮಕ್ಕಳ ಭಾಷೆ ಎಂಬ ಭಾವನೆ ಅವರಲ್ಲಿ ಬೇರೂರುತ್ತದೆ.

ಆದ್ದರಿಂದ ನಾನು ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಓದಿದೆ. ಯಾರೂ ಒತ್ತಾಯಿಸದಿದ್ದರೂ ಮಗು ಮುಂದಿನ ಪುಟ ತಿರುಗಿಸುತ್ತದೆಯೇ? ಪುಸ್ತಕ ಮಗುವಿಗೆ ನಿಜ ಹೇಳುತ್ತದೆಯೇ? ಓದಿ ಮುಗಿದ ಮೇಲೆ ಅಜ್ಜಿ ಅಥವಾ ತಾತನ ಜೊತೆ ಮಾತನಾಡಲು ಏನಾದರೂ ಉಳಿಯುತ್ತದೆಯೇ?

ಮೊದಲು ಎಲಿಮೆಂಟರಿ ವಯಸ್ಸಿನವರು. ಇವರಿಗೆ ಕನ್ನಡ ಕಿವಿಯಿಂದ ಒಳಗೆ ಹೋಗಬೇಕು. ಪಂಜೆ ಮಂಗೇಶರಾಯರು (1874–1937) ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. 'ಇಲಿಗಳ ಥಕಥೈ' ಎಂಬ ಹೆಸರನ್ನು ಗಟ್ಟಿಯಾಗಿ ಹೇಳಿದರೇ ಸಾಕು, ಮಕ್ಕಳು ನಗುತ್ತಾರೆ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಪದ್ಯದಲ್ಲಿದ್ದರೂ ಪೂರಾ ಒಂದು ಕಥೆ. ಇಂಗ್ಲಿಷ್ ಕವಿ ಬ್ರೌನಿಂಗ್ ಹೇಳಿದ ಜರ್ಮನಿಯ ಊರಿನ ಕಥೆಯನ್ನು ಅವರು ತುಂಗೆಯ ದಡಕ್ಕೆ ತಂದರು. ಇಲ್ಲಿ ಗಮನಿಸಬೇಕಾದ ವಿಷಯ ಬೇರೆಯೇ ಇದೆ. ಮಾತು ಕೊಟ್ಟು ತಪ್ಪಿದವರು ದೊಡ್ಡವರು, ಅದಕ್ಕೆ ಬೆಲೆ ತೆತ್ತವರು ಮಕ್ಕಳು. ಜೋಗಿಯ ಹಿಂದೆ ಹೋಗಲಾಗದೆ ಹಿಂದುಳಿದ ಕುಂಟ ಹುಡುಗನ ದುಃಖವನ್ನು ಕವಿ ಮುಚ್ಚಿಡುವುದಿಲ್ಲ. ಸುಮಾರು ನೂರು ವರ್ಷಗಳ ಹಿಂದೆಯೇ ನಮ್ಮ ಮಕ್ಕಳ ಸಾಹಿತ್ಯಕ್ಕೆ ಇಷ್ಟು ಧೈರ್ಯವಿತ್ತು. ಇಂದು ಪಟ್ಟಿ ಮಾಡುವ ನಮಗೆ ಆ ಧೈರ್ಯ ಕಡಿಮೆ.

ತಾವೇ ಓದಲು ಕಲಿಯುತ್ತಿರುವವರಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಉಪಯುಕ್ತ. ನಾಲ್ಕು ಮಟ್ಟಗಳಲ್ಲಿ ವಿಂಗಡಿಸಿದ ಚಿತ್ರಕಥೆಗಳು ಕನ್ನಡದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಅನುವಾದಗಳ ಗುಣಮಟ್ಟ ಒಂದೇ ಸಮ ಇಲ್ಲ. ಕೆಲವು ವಾಕ್ಯಗಳನ್ನು ಯಾವ ಮನೆಯಲ್ಲೂ ಯಾರೂ ಆಡುವುದಿಲ್ಲ. ಮಗುವಿಗೆ ಕೊಡುವ ಮೊದಲು ದೊಡ್ಡವರು ಒಮ್ಮೆ ಬಾಯಿಬಿಟ್ಟು ಓದಿ ನೋಡುವುದು ಒಳ್ಳೆಯದು. ನಾಲಿಗೆ ತಡವರಿಸಿದರೆ ಆ ಕಥೆ ಬೇಡ.

ಸುಧಾ ಮೂರ್ತಿಯವರು ಅಜ್ಜಿಗೆ ಓದಲು ಕಲಿಸಿದ ಕಥೆ ನಮ್ಮ ಎಲ್ಲ ಪಟ್ಟಿಗಳಲ್ಲೂ ಇರುತ್ತದೆ. 'ಕರ್ಮವೀರ'ದಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ತ್ರಿವೇಣಿಯವರ 'ಕಾಶೀಯಾತ್ರೆ'ಯನ್ನು ಮೊಮ್ಮಗಳು ಊರಿಗೆ ಹೋದಾಗ ಓದಿ ಹೇಳುವವರಿಲ್ಲದೆ, ಅರವತ್ತೆರಡರ ಅಜ್ಜಿ ಅಕ್ಷರ ಕಲಿಯುವ ಕಥೆ ಅದು. ಇದನ್ನು ನಾವು ಶಿಕ್ಷಣದ ಮಹತ್ವ ಎಂದು ಪಾಠ ಮಾಡಿಬಿಡುತ್ತೇವೆ. ನನ್ನ ಓದಿನಲ್ಲಿ ಅದರ ಜೀವ ಬೇರೆ ಕಡೆ ಇದೆ. ಅಜ್ಜಿಯನ್ನು ಅಕ್ಷರಕ್ಕೆ ಎಳೆದದ್ದು ಸರ್ಟಿಫಿಕೇಟಿನ ಆಸೆಯಲ್ಲ. ಕಥೆ ಮುಂದೇನಾಯಿತು ಎಂಬ ಕುತೂಹಲ. ನಮ್ಮ ಕನ್ನಡ ತರಗತಿಗಳಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಇನ್ನು ಮಿಡ್ಲ್ ಸ್ಕೂಲ್. ಆರ್.ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಬಂದದ್ದು. ಶಂಕರ್‌ನಾಗ್ ನಿರ್ದೇಶಿಸಿದ ಧಾರಾವಾಹಿಯಿಂದಾಗಿ ಅದನ್ನು ನಾವು ಬರೀ ತಮಾಷೆಯ ಪುಸ್ತಕವೆಂದು ನೆನಪಿಟ್ಟುಕೊಂಡಿದ್ದೇವೆ. ಕೊನೆಯನ್ನು ಮತ್ತೊಮ್ಮೆ ಓದಿ. ಮ್ಯಾಚು ತಪ್ಪಿಸಿಕೊಂಡ ಸ್ವಾಮಿಯ ಮೇಲೆ ಮುನಿಸಿಕೊಂಡ ರಾಜಂ ಊರು ಬಿಟ್ಟು ಹೋಗುತ್ತಿದ್ದಾನೆ. ರೈಲು ಹೊರಡುವಾಗ ಸ್ವಾಮಿ ಒಂದು ಪುಸ್ತಕ ಕೊಡುತ್ತಾನೆ. ಗೆಳೆಯ ಕ್ಷಮಿಸಿದನೋ ಇಲ್ಲವೋ ನಮಗೆ ಖಚಿತವಾಗಿ ತಿಳಿಯುವುದಿಲ್ಲ. ಅಪ್ಪನ ಕೆಲಸ ಬದಲಾಯಿತೆಂದು ಸಹಪಾಠಿಗಳು ಟೆಕ್ಸಾಸಿಗೋ ಸಿಯಾಟಲ್‌ಗೋ ಹೊರಟುಹೋಗುವುದನ್ನು ನೋಡುವ ನಮ್ಮ ಮಕ್ಕಳಿಗೆ ಈ ರೈಲು ನಿಲ್ದಾಣ ಪರಕೀಯವಲ್ಲ.

ವಲಸಿಗರ ಮಕ್ಕಳಿಗೆ ಲಾರೆನ್ಸ್ ಯೆಪ್ ಬರೆದ 'ಡ್ರಾಗನ್‌ವಿಂಗ್ಸ್' (1975) ಕೊಡಬೇಕು. ಚೀನಾದಲ್ಲಿ ತಾಯಿಯನ್ನು ಬಿಟ್ಟು, ಕಂಡಿರದ ತಂದೆಯನ್ನು ಹುಡುಕಿ ಸ್ಯಾನ್ ಫ್ರಾನ್ಸಿಸ್ಕೋಗೆ ಬರುವ ಹುಡುಗನ ಕಥೆ. 1906ರ ಭೂಕಂಪ ಅದರೊಳಗಿದೆ. ವಲಸೆ ಎಂದರೆ ಎಚ್-1ಬಿ ಮತ್ತು ವಿಮಾನದ ಟಿಕೆಟ್ಟು ಎಂದುಕೊಂಡಿರುವ ನಮ್ಮ ಮಕ್ಕಳಿಗೆ, ಇದೇ ಕೊಲ್ಲಿಯ ದಡದಲ್ಲಿ ನಮಗಿಂತ ಮೊದಲು ಬಂದವರು ಏನನ್ನು ಸಹಿಸಿದರು ಎಂದು ತಿಳಿಯಬೇಕು.

ನನ್ನನ್ನು ಬಹಳ ಕಾಡಿದ ಪುಸ್ತಕ ರಜನಿ ಲಾರೋಕಾ ಅವರ 'ರೆಡ್, ವೈಟ್ ಅಂಡ್ ಹೋಲ್'. 2021ರಲ್ಲಿ ಪ್ರಕಟವಾಗಿ ಮರುವರ್ಷ ನ್ಯೂಬೆರಿ ಆನರ್ ಪಡೆಯಿತು. ಲೇಖಕಿ ಭಾರತದಲ್ಲಿ ಹುಟ್ಟಿದವರು, ವೈದ್ಯೆ. 1983ರ ಅಮೆರಿಕದಲ್ಲಿ ಬೆಳೆಯುತ್ತಿರುವ ರೇಹಾ ಎಂಬ ಭಾರತೀಯ ಹುಡುಗಿಯ ತಾಯಿಗೆ ರಕ್ತದ ಕ್ಯಾನ್ಸರ್ ಬರುತ್ತದೆ. ವೈದ್ಯನ ಕಣ್ಣಿನಿಂದ ಓದಿದಾಗಲೂ ನನಗೆ ಎಲ್ಲೂ ಸುಳ್ಳು ಕಾಣಲಿಲ್ಲ. ಇಂದಿರುವ ಅನೇಕ ಔಷಧಗಳು ಆಗ ಇರಲಿಲ್ಲ. ಸಾವಿತ್ರಿಯ ಕಥೆ ಹುಡುಗಿಯ ಮನಸ್ಸಿನಲ್ಲಿದೆ, ಆದರೆ ಇಲ್ಲಿ ಯಮ ಹಿಂದಕ್ಕೆ ಹೋಗುವುದಿಲ್ಲ. ತಾಯಿ ಉಳಿಯುವುದಿಲ್ಲ.

ಮಕ್ಕಳಿಗೆ ಇಷ್ಟು ದುಃಖ ಯಾಕೆ ಎಂದು ಕೆಲವು ತಾಯಂದಿರು ನನ್ನನ್ನು ಕೇಳಿದ್ದಾರೆ. ಪ್ರಶ್ನೆ ಸರಿಯಾದದ್ದೇ. ನನ್ನ ಉತ್ತರ ವೃತ್ತಿಯ ಅನುಭವದಿಂದ ಬಂದದ್ದು. ನಮ್ಮ ಜನರಲ್ಲಿ ಕಾಯಿಲೆಯ ಹೆಸರನ್ನು ಮಕ್ಕಳೆದುರು ಹೇಳುವ ಪದ್ಧತಿಯೇ ಇಲ್ಲ. ಊರಿನಿಂದ ರಾತ್ರಿ ಎರಡು ಗಂಟೆಗೆ ಫೋನು ಬರುತ್ತದೆ, ಅಪ್ಪ ಒಬ್ಬರೇ ವಿಮಾನ ಹತ್ತುತ್ತಾರೆ, ಎರಡು ವಾರದ ಮೇಲೆ ತಲೆ ಬೋಳಿಸಿಕೊಂಡು ಹಿಂತಿರುಗುತ್ತಾರೆ. ಮನೆಯಲ್ಲಿರುವ ಮಗುವಿಗೆ ಅಜ್ಜ ಹೋದರು ಎಂಬುದು ತಿಳಿದಿರುತ್ತದೆ. ಅದನ್ನು ಕುರಿತು ಮಾತನಾಡಲು ಮಾತುಗಳು ಇರುವುದಿಲ್ಲ. ಕೇಳದೆ ಉಳಿದ ಪ್ರಶ್ನೆ ಹೊಟ್ಟೆನೋವಾಗಿ, ನಿದ್ದೆಗೇಡಾಗಿ ಕ್ಲಿನಿಕ್ಕಿಗೆ ಬಂದದ್ದನ್ನು ಕಂಡಿದ್ದೇನೆ. ಒಳ್ಳೆಯ ಕಾದಂಬರಿ ದುಃಖವನ್ನು ತರುವುದಿಲ್ಲ, ಇರುವ ದುಃಖಕ್ಕೆ ಭಾಷೆ ಕೊಡುತ್ತದೆ. ಆ ಭಾಷೆ ಕನ್ನಡವೂ ಆಗಿರಲಿ ಎಂಬುದೇ ನನ್ನ ಆಸೆ.

ಕನ್ನಡದಲ್ಲಿ ಈ ವಯಸ್ಸಿಗೆ ಪುಸ್ತಕಗಳಿಲ್ಲ ಎಂಬ ಮಾತು ನಿಜವಲ್ಲ. ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಮೊದಲ ವರ್ಷ ಅದು ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ'ಗೆ ಸಂದಿತು. ಮರುವರ್ಷ ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು'. ಆಮೇಲೆ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್' ಕಾದಂಬರಿಗಳು ಈ ಗೌರವ ಪಡೆದವು. ಡಿಸೋಜರು ಸಾಗರದವರು, ಶರಾವತಿ ಮುಳುಗಡೆಯ ನೋವನ್ನು ಹತ್ತಿರದಿಂದ ಕಂಡವರು. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಅದಕ್ಕಾಗಿ ಯಾರ ಮನೆ ನೀರಿನಡಿ ಹೋಯಿತು ಎಂದು ಹತ್ತು ವರ್ಷದ ಮಗುವೂ ಕೇಳಬಲ್ಲದು.

ಎಂಟನೆಯ ತರಗತಿಯ ಮಗುವಿಗೆ ನನ್ನ ಆಯ್ಕೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980). ಇದು ಮಕ್ಕಳಿಗಾಗಿ ಬರೆದದ್ದಲ್ಲ. ಆದರೂ ಮೂಡಿಗೆರೆಯ ಜೇನಿನಿಂದ ಹಿಡಿದು ಹಾರುವ ಓತಿಯ ಹುಡುಕಾಟದವರೆಗೆ ಕಥೆ ಕೈಹಿಡಿದು ನಡೆಸುತ್ತದೆ. ಬಯೋಟೆಕ್ ಕಂಪನಿಗಳೇ ತುಂಬಿರುವ ನಮ್ಮೂರಿನ ಮಕ್ಕಳಿಗೆ ವಿಜ್ಞಾನಿ ಎಂದರೆ ಡಿಗ್ರಿ, ಲ್ಯಾಬು. ಇಲ್ಲಿ ದೊಡ್ಡ ವಿಜ್ಞಾನಿಯೊಬ್ಬರು ಊರವರು ಲೆಕ್ಕಕ್ಕಿಡದ ಮಂದಣ್ಣನ ಕಣ್ಣನ್ನು ನಂಬುತ್ತಾರೆ. ಕೊನೆಯಲ್ಲಿ ಓತಿ ಕೈಗೆ ಸಿಗುವುದಿಲ್ಲ. ಹಾಗಾದರೆ ಅವರು ಸೋತರೇ ಎಂಬ ಪ್ರಶ್ನೆಯ ಮೇಲೆ ನಮ್ಮ ಮನೆಯಲ್ಲಿ ಒಂದು ಸಂಜೆಯೆಲ್ಲ ವಾದ ನಡೆಯಿತು.

ಭಾಷೆ ಕಷ್ಟವಾಗುವುದು ಖಂಡಿತ. ಅದಕ್ಕೆ ದಾರಿ ಎಂದರೆ ದಿನಕ್ಕೆ ನಾಲ್ಕೈದು ಪುಟ ದೊಡ್ಡವರು ಓದುವುದು, ಮಕ್ಕಳು ಕೇಳುವುದು. ಅರ್ಥವಾಗದ ಪದಕ್ಕೆ ಇಂಗ್ಲಿಷಿನಲ್ಲೇ ವಿವರಿಸಿ, ನಾಚಿಕೆ ಬೇಡ. ಚರ್ಚೆಯೂ ಅರ್ಧ ಇಂಗ್ಲಿಷಿನಲ್ಲಿ ನಡೆಯಲಿ. ಪ್ರಶ್ನೋತ್ತರ ಬರೆಸಬೇಡಿ, ನೀತಿ ಏನು ಎಂದು ಕೇಳಬೇಡಿ. ಆರು ತಿಂಗಳ ವೀಸಾದ ಮೇಲೆ ಬರುವ ಅಜ್ಜ ಅಜ್ಜಿಯರಿಗೆ ಮಧ್ಯಾಹ್ನದ ಹೊತ್ತು ಕಳೆಯುವುದು ಕಷ್ಟ ಎಂಬ ದೂರು ಕೇಳುತ್ತಲೇ ಇರುತ್ತೇವೆ. ಈ ಕೆಲಸಕ್ಕೆ ಅವರಿಗಿಂತ ಯೋಗ್ಯರು ಯಾರಿದ್ದಾರೆ?

ನಮ್ಮ ಸಂಘಕ್ಕೆ ಒಂದು ಸಲಹೆ. ಮುಂದಿನ ರಾಜ್ಯೋತ್ಸವದ ದಿನ ಊಟದ ಸಾಲಿನ ಪಕ್ಕದಲ್ಲಿ ಒಂದು ಮೇಜು ಹಾಕೋಣ. ಊರಿಗೆ ಹೋಗಿ ಬರುವವರು ಮೇಲೆ ಹೇಳಿದ ಪುಸ್ತಕಗಳಲ್ಲಿ ಒಂದೊಂದನ್ನು ಸೂಟ್‌ಕೇಸಿನಲ್ಲಿ ತಂದರೂ ಮೇಜು ತುಂಬುತ್ತದೆ. ಹಿಂದಿರುಗಿಸುವ ದಿನಾಂಕ ಬರೆದುಕೊಳ್ಳಲು ನಾನು ಕುಳಿತುಕೊಳ್ಳುತ್ತೇನೆ.